ಹಳ್ಳದ ನೀರು ಕೆಂಪಾದ ದಿನ

ನನ್ನ ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗಿನ ಮಾತು. ನಾನು ಆಗ ಕ್ಷೇತ್ರ ಶಿಕ್ಷಣಾಧಿಕಾರಿ, ಎಂದರೆ ಒಂದು ತಾಲ್ಲೂಕಿನ ಶಾಲೆಗಳಿಗೆಲ್ಲ ಮೇಲಧಿಕಾರಿ. ಕುಮಟಾ, ಹೊನ್ನಾವರ, ಭಟ್ಕಳ ಮೂರೂ ಕಡೆ ಕೆಲಸ ಮಾಡಿದ್ದೇನೆ. ಈ ಘಟನೆ ಯಾವ ತಾಲ್ಲೂಕಿನದು ಎಂಬುದನ್ನು ಬೇಕೆಂದೇ ಹೇಳುತ್ತಿಲ್ಲ. ಇದರಲ್ಲಿ ಬರುವ ಮುಖ್ಯೋಪಾಧ್ಯಾಯಿನಿ ಇನ್ನೂ ಸೇವೆಯಲ್ಲಿದ್ದಾರೆ. ಅವರನ್ನು ಮಾದೇವಿ ಅಕ್ಕೋರು ಎಂದು ಕರೆಯುತ್ತೇನೆ. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುವುದೇ ರೂಢಿ.

ನಾನು ಹಿರೇಗುತ್ತಿಯವನು. ಚಿಕ್ಕಂದಿನಲ್ಲಿ ಆರಿದ್ರಾ ಮಳೆ ಹಿಡಿಯಿತೆಂದರೆ ಕುಮಟೆಯಲ್ಲೂ ಅದೇ, ಹೊನ್ನಾವರದಲ್ಲೂ ಅದೇ. ವಾರಗಟ್ಟಲೆ ಒಂದೇ ಹದದಲ್ಲಿ ಸುರಿಯುತ್ತಿತ್ತು. ಅಂಥ ಮಳೆಗೆ ಯಾರೂ ರಜೆ ಕೊಡುತ್ತಿರಲಿಲ್ಲ, ನಾವು ಕೇಳುತ್ತಲೂ ಇರಲಿಲ್ಲ. ನೌಕರಿಯ ಕೊನೆಯ ವರ್ಷಗಳಲ್ಲಿ ನಾನು ಕಂಡ ಮಳೆಯೇ ಬೇರೆ. ಹತ್ತು ದಿನ ಬಿಸಿಲು, ಆಮೇಲೆ ಎರಡು ತಾಸಿನಲ್ಲಿ ಹತ್ತು ದಿನದ ಮಳೆ. ಅದೂ ಒಂದು ಊರಿಗೆ ಮಾತ್ರ. ಪಕ್ಕದ ಊರಿನ ಅಂಗಳದಲ್ಲಿ ಬಟ್ಟೆ ಒಣಗುತ್ತಿರುತ್ತಿತ್ತು.

ಮಳೆಗಾಲದಲ್ಲಿ ಶಾಲೆಗಳಿಗೆ ರಜೆ ಕೊಡುವ ಮೊದಲು ತಹಶೀಲ್ದಾರರು ಬೆಳಿಗ್ಗೆ ಆರಕ್ಕೆ ನನ್ನ ಅಭಿಪ್ರಾಯ ಕೇಳುತ್ತಿದ್ದರು. ಹವಾಮಾನ ಇಲಾಖೆ ಕಳಿಸುವ ಅಲರ್ಟ್‌ನ ಬಣ್ಣ ನೋಡಿ ನಾನು ಹೇಳುತ್ತಿದ್ದೆ: ಹಳದಿಯಾದರೆ ಶಾಲೆ ನಡೆಯಲಿ, ಕೆಂಪಾದರೆ ರಜೆ. ನಡುವಿನ ಕಿತ್ತಳೆ ಬಣ್ಣ ಮಾತ್ರ ನಮ್ಮ ವಿವೇಚನೆಗೆ ಬಿಟ್ಟದ್ದು. ಆ ಜುಲೈಯಲ್ಲಿ ಒಂದೇ ವಾರ ಮೂರು ದಿನ ರಜೆ ಕೊಟ್ಟೆವು. ಮೂರೂ ದಿನ ಬಿಸಿಲು ಬಂತು. ಪಾಲಕರ ವಾಟ್ಸಾಪ್ ಗುಂಪುಗಳಲ್ಲಿ ನನಗೆ ‘ರಜೆ ಸಾಹೇಬ್ರು’ ಎಂದು ಹೆಸರಿಟ್ಟರು. ನಗುತ್ತಾ ಓದಿದೆನಾದರೂ ಆ ಹೆಸರು ಒಳಗೆ ಚುಚ್ಚಿತ್ತು.

ಮುಂದಿನ ಸೋಮವಾರ ಕಿತ್ತಳೆ ಅಲರ್ಟ್ ಇತ್ತು, ಆಕಾಶ ತಿಳಿಯಾಗಿತ್ತು. ರಜೆ ಬೇಡ ಎಂದೆ.

ಹತ್ತೂವರೆಗೆ ಪೇಟೆಯಲ್ಲಿ ಹನಿಯಲು ಶುರುವಾಯಿತು. ಪೂರ್ವದ ಗುಡ್ಡಸಾಲಿನ ಮೇಲೆ ಮಾತ್ರ ಕಪ್ಪು ಮೋಡ ಒತ್ತಾಗಿ ನಿಂತಿತ್ತು. ನನಗೆ ನೆನಪಾದದ್ದು ಹೆದ್ದಾರಿಯಿಂದ ಐದು ಕಿಲೋಮೀಟರ್ ಒಳಗಿದ್ದ ಮಾದೇವಿ ಅಕ್ಕೋರ ಕಿರಿಯ ಪ್ರಾಥಮಿಕ ಶಾಲೆ. ಶಾಲೆ ಹಳ್ಳದ ಆಚೆ ದಡದಲ್ಲಿ, ಬಹುತೇಕ ಮಕ್ಕಳ ಮನೆಗಳು ಈಚೆ ದಡದಲ್ಲಿ. ನಡುವೆ ಇದ್ದದ್ದು ಒಂದು ಕಾಲುಸಂಕ, ಒಬ್ಬರ ಹಿಂದೆ ಒಬ್ಬರು ದಾಟುವಷ್ಟು ಅಗಲದ ಮರದ ಸೇತುವೆ. ಹನ್ನೊಂದಕ್ಕೆ ಫೋನು ಮಾಡಿ, ಮಳೆ ಜೋರಾಗುವ ಮೊದಲೇ ಮಕ್ಕಳನ್ನು ಮನೆಗೆ ಕಳಿಸಿಬಿಡಿ ಎಂದೆ.

“ಬಿಡೂದಿಲ್ಲ ಸರ್,” ಎಂದರು ಅವರು. “ಇಲ್ಲಿ ಮಳೆ ಅಷ್ಟಿಲ್ಲ. ಆದ್ರೆ ಹಳ್ಳದ ನೀರು ಕೆಂಪಾಗಿದೆ.”

ಅದರ ಅರ್ಥ ನನಗೆ ಹೊಳೆಯಲಿಲ್ಲ. ಹೊಳೆಯದ್ದಕ್ಕೆ ಕೋಪ ಬಂತು. ಇದು ನನ್ನ ಆದೇಶ ಎಂದೆ.

“ಆತು ಸರ್. ಆದೇಶ ನಿಮ್ದು. ಮಕ್ಕಳು ನನ್ನ ಹತ್ರ ಇದಾವೆ.”

ಅಷ್ಟಕ್ಕೆ ಫೋನು ಕಡಿಯಿತು. ಅವರೇ ಇಟ್ಟರೋ ಸಿಗ್ನಲ್ ಹೋಯಿತೋ ಗೊತ್ತಿಲ್ಲ. ಮತ್ತೆ ಪ್ರಯತ್ನಿಸಿದರೆ ಸಿಗಲಿಲ್ಲ. ಆಗ ನಾನು ಮಾಡಿದ ಕೆಲಸವನ್ನು ಇಂದಿಗೂ ಮರೆತಿಲ್ಲ. ಶಿಕ್ಷಕರೆಲ್ಲ ಇದ್ದ ಗುಂಪಿಗೆ, ಹಳ್ಳದಂಚಿನ ಶಾಲೆಗಳನ್ನು ಕೂಡಲೇ ಬಿಡಬೇಕು ಎಂದು ಸಂದೇಶ ಹಾಕಿದೆ.

ಹತ್ತು ನಿಮಿಷ ಕಳೆಯುವುದರೊಳಗೆ ಪೇಟೆಯಲ್ಲೂ ಮಳೆ ಬಿತ್ತು. ಎದುರಿನ ಕಟ್ಟಡ ಕಾಣದಂಥ ಮಳೆ. ಜೀಪು ಹತ್ತಿ ಹೊರಟೆ. ಹೆದ್ದಾರಿ ದಾಟಿದ ಮೇಲೆ ರಸ್ತೆಯ ಮೇಲೇ ನೀರು ಹರಿಯುತ್ತಿತ್ತು. ಚಾಲಕ ಮುಂದೆ ಆಗುವುದಿಲ್ಲ ಎಂದ. ಉಳಿದ ದಾರಿಯನ್ನು ಮೊಣಕಾಲು ನೀರಿನಲ್ಲಿ ನಡೆದೆ. ಹಳ್ಳದ ದಡ ಮುಟ್ಟಿದಾಗ ಹನ್ನೆರಡೂವರೆ. ಅಲ್ಲಿ ಸಂಕ ಇರಲಿಲ್ಲ. ಅದರ ಒಂದು ಕಂಬ ಮಾತ್ರ ನಿಂತು ನಡುಗುತ್ತಿತ್ತು. ಬೇರು ಸಮೇತ ಕಿತ್ತ ಮರಗಳು ಕೆಮ್ಮಣ್ಣಿನ ನೀರಿನಲ್ಲಿ ಉರುಳುತ್ತಾ ಹೋಗುತ್ತಿದ್ದವು. ಆಚೆ ಶಾಲೆಯ ಕಿಟಕಿಯ ಮಟ್ಟಕ್ಕೆ ನೀರು ಬಂದಿತ್ತು.

ಈಚೆ ದಡದಲ್ಲಿ ಪಾಲಕರು ಸೇರಿದ್ದರು. ಅವರಲ್ಲೊಬ್ಬ ಬಂದರಿನಲ್ಲಿ ಕೆಲಸ ಮಾಡುವ ಗಣಪತಿ. ಅವನೇ ನನಗೆ ಕೈ ಮಾಡಿ ತೋರಿಸಿದ. ಶಾಲೆಯ ಹಿಂದೆ ಎತ್ತರದಲ್ಲಿ ಒಂದು ಮಹಡಿ ಮನೆ. ತನ್ನ ಮಕ್ಕಳೆಲ್ಲ ದುಬೈಯಲ್ಲಿರುವ ಒಬ್ಬ ನವಾಯತಿ ಮುಸ್ಲಿಂ ಅಜ್ಜಿಯ ಮನೆ ಅದು. ಅದರ ಮೇಲಂತಸ್ತಿನ ಕಟಾಂಜನದ ಕಂಬಿಗಳ ಹಿಂದೆ ನೀಲಿ ಸಮವಸ್ತ್ರಗಳು ಕಂಡವು. ಅಕ್ಕೋರು ನೀರು ಅಂಗಳಕ್ಕೆ ಬರುವ ಮೊದಲೇ ಅಜ್ಜಿಯನ್ನು ಕೂಗಿ ಬಾಗಿಲು ತೆಗೆಸಿದ್ದರು. ಹಳ್ಳದ ಮೊರೆತದಲ್ಲಿ ಮಾತು ಕೇಳುತ್ತಿರಲಿಲ್ಲ. ಅವರು ಒಂದು ರಟ್ಟಿನ ಮೇಲೆ ದೊಡ್ಡದಾಗಿ ಬರೆದು ಎತ್ತಿ ಹಿಡಿದರು: 31.

ನಾನು ಮೊಬೈಲು ತೆಗೆದೆ. ಬಿಸಿಯೂಟಕ್ಕಾಗಿ ಪ್ರತಿ ಶಾಲೆಯೂ ಬೆಳಿಗ್ಗೆ ಹಾಜರಾತಿ ಕಳಿಸುತ್ತದೆ. ಆ ಶಾಲೆಯ ಸಂಖ್ಯೆ 32.

ಗಣಪತಿ ನನ್ನ ಭುಜದ ಮೇಲಿಂದ ಅದನ್ನು ಓದಿದ. ಆಚೆಯ ಮುಖಗಳನ್ನು ಒಂದೊಂದಾಗಿ ನೋಡಿದ. “ನನ್ನ ಮಗ್ಳು ಕಾಣೂದಿಲ್ಲ ಸರ್. ಸುಮಾ ಅಲ್ಲಿಲ್ಲ,” ಎಂದು ಸಣ್ಣ ದನಿಯಲ್ಲಿ ಹೇಳಿ, ಸೊಂಟಕ್ಕೆ ಹಗ್ಗ ಬಿಗಿಯತೊಡಗಿದ. ಮೂವರು ಅವನನ್ನು ಹಿಡಿದು ಕೂರಿಸಿದರು. ಅವನ ಪಕ್ಕದಲ್ಲಿ ಕೂತು ನಾನು ಹೇಳಬೇಕಾದ್ದನ್ನು ಹೇಳಿದೆ: ಶಾಲೆ ಬಿಡಿ ಎಂಬ ಸಂದೇಶ ನನ್ನದು, ಅಕ್ಕೋರು ಬೇಡ ಎಂದಿದ್ದರು. ಅವನು ಬೈಯಲಿಲ್ಲ. ನೀರನ್ನೇ ನೋಡುತ್ತಾ ಕೂತ. ಎರಡೂವರೆ ತಾಸು ನಾವಿಬ್ಬರೂ ಹಾಗೆಯೇ ಇದ್ದೆವು. ತೇಲಿ ಬಂದ ಪ್ರತಿ ಬಟ್ಟೆಯ ಚೂರಿಗೂ ಅವನು ಅರ್ಧ ಎದ್ದು ಮತ್ತೆ ಕೂರುತ್ತಿದ್ದ.

ಮೂರು ಗಂಟೆಯ ಹೊತ್ತಿಗೆ ನೀರು ಏರಿದಷ್ಟೇ ವೇಗದಲ್ಲಿ ಇಳಿಯಿತು. ಈಜು ಬಲ್ಲ ಇಬ್ಬರು ಹಗ್ಗ ಹಿಡಿದು ದಾಟಲು ಇಳಿದಾಗ, ಆಚೆ ದಡದ ಗೇರು ಹಿತ್ತಲಿನಿಂದ ಯಾರೋ ಕೈ ಬೀಸಿದರು. ಬಿಸಿಯೂಟ ಮಾಡುವ ನಾಗವೇಣಿ. ಅವಳ ಸೆರಗಿನೊಳಗೆ ಸುಮಾ.

ಆದದ್ದು ಇಷ್ಟು. ಆ ಶಾಲೆಯ ಅತಿಥಿ ಶಿಕ್ಷಕಿಯೊಬ್ಬರು ನನ್ನ ಸಂದೇಶವನ್ನು ಜಗಲಿಯಲ್ಲಿ ಗಟ್ಟಿಯಾಗಿ ಓದಿದ್ದರು. ಅದನ್ನು ಕೇಳಿದ ಸುಮಾ ಚೀಲ ಹೆಗಲಿಗೇರಿಸಿ ಸಂಕದ ಕಡೆ ಓಡಿದ್ದಳು. ಅಡುಗೆಕೋಣೆಯಿಂದ ಅದನ್ನು ಕಂಡ ನಾಗವೇಣಿ ಒಲೆಯ ಮೇಲಿನ ಅನ್ನ ಬಿಟ್ಟು ಬೆನ್ನು ಹತ್ತಿದಳು. ಹುಡುಗಿ ಸಂಕದ ಮೇಲೆ ಎರಡು ಹೆಜ್ಜೆ ಇಟ್ಟಾಗಿತ್ತು. ಜಡೆ ಹಿಡಿದು ಎಳೆದಳಂತೆ. ಹಿಂದಿರುಗುವಷ್ಟರಲ್ಲಿ ಶಾಲೆಯ ದಾರಿ ಮುಳುಗಿತ್ತು, ಹಾಗಾಗಿ ಇಬ್ಬರೂ ಹಿತ್ತಲಿನ ದಿಬ್ಬ ಹತ್ತಿ ಕೂತಿದ್ದರು. ಆಚೆ ದಡದಲ್ಲಿ ಮಗಳನ್ನು ಕಂಡ ಗಣಪತಿ ನೀರಿಗೆ ಇಳಿಯಲಿಲ್ಲ. ದಾಟಲು ಇಳಿದವರ ಹಗ್ಗದ ತುದಿಯನ್ನು ಎರಡೂ ಕೈಯಲ್ಲಿ ಬಿಗಿ ಹಿಡಿದು ನಿಂತ.

ಸಂಜೆ ಅಕ್ಕೋರು ಕೊನೆಯ ಮಗುವನ್ನು ಹಗ್ಗದ ಆಸರೆಯಲ್ಲಿ ದಾಟಿಸಿ ತಾವೂ ಬಂದರು. ನೀರು ಕೆಂಪಾಗಿದೆ ಎಂದದ್ದರ ಅರ್ಥ ಕೇಳಿದೆ. “ಇಲ್ಲಿ ಮಳೆ ಬರ್ದೇನೆ ನೀರು ಕೆಂಪಾತು ಅಂದ್ರೆ ಮೇಲೆ ಗುಡ್ಡದಲ್ಲಿ ಭಾರೀ ಬಿದ್ದಿದೆ ಅಂತ, ಸರ್. ಅರ್ಧ ತಾಸಿನಲ್ಲಿ ಇಲ್ಲಿಗೆ ಬರ್ತದೆ,” ಎಂದರು. ಅಷ್ಟು ಹೇಳಲು ಫೋನಿನಲ್ಲಿ ನಾನು ಅವರಿಗೆ ಸಮಯವನ್ನೇ ಕೊಟ್ಟಿರಲಿಲ್ಲ.

ಉಳಿದ ಹಳ್ಳದಂಚಿನ ಶಾಲೆಗಳ ಮಕ್ಕಳೂ ಹೇಗೋ ಸುರಕ್ಷಿತವಾಗಿ ಮನೆ ಸೇರಿದ್ದರು. ಎರಡು ದಿನಗಳ ನಂತರ ಪತ್ರಿಕೆಯೊಂದರಲ್ಲಿ, ಅಧಿಕಾರಿಗಳ ಸಕಾಲಿಕ ಸೂಚನೆಯಿಂದ ಮಕ್ಕಳು ಪಾರಾದರು ಎಂದು ಬಂತು. ಮೇಲಿನಿಂದ ಶಹಬ್ಬಾಸ್ ಹೇಳಿದರು, ವರದಿ ಕೇಳಿದರು. ಆ ಸುದ್ದಿಯನ್ನು ಹಾಗೆಯೇ ಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ವರದಿ ಬರೆಯಲು ಕೂತು ಮೊದಲ ಕರಡನ್ನು ಹರಿದೆ. ಅದರಲ್ಲಿ ನನ್ನ ಸಂದೇಶದ ಮಾತೇ ಇರಲಿಲ್ಲ. ಎರಡನೆಯದರಲ್ಲಿ ನನ್ನ ಆದೇಶ ತಪ್ಪಾಗಿತ್ತು, ಮುಖ್ಯೋಪಾಧ್ಯಾಯಿನಿ ಅದನ್ನು ಪಾಲಿಸದೆ ಇದ್ದದ್ದರಿಂದಲೇ ಮಕ್ಕಳು ಉಳಿದರು ಎಂದು ಬರೆದು ಸಹಿ ಮಾಡಿದೆ. ನನಗೊಂದು ನೋಟೀಸು ಬಂತು, ಉತ್ತರ ಕೊಟ್ಟೆ. ಅಕ್ಕೋರ ಮೇಲೆ ಯಾವ ಕ್ರಮವೂ ಆಗಲಿಲ್ಲ.

ಮಳೆ ಮೊದಲಿನಂತಿಲ್ಲ ಎಂದು ನಾವೆಲ್ಲ ಹೇಳುತ್ತಿರುತ್ತೇವೆ. ಇಡೀ ತಾಲ್ಲೂಕಿಗೆ ಒಂದೇ ಮಳೆ ಬೀಳುತ್ತಿದ್ದಾಗ ಒಂದೇ ಆದೇಶ ಸಾಕಿತ್ತು. ಒಂದೊಂದು ಊರಿಗೆ ಒಂದೊಂದು ಮಳೆ ಬೀಳುವಾಗ, ಹಳ್ಳದ ಎದುರು ನಿಂತವರ ಕೈಯಲ್ಲಿ ತೀರ್ಮಾನ ಇರಬೇಕು. ನನ್ನ ಕೆಲಸ ಕಲಿಸಿದ ಈ ಪಾಠವನ್ನು ತಹಶೀಲ್ದಾರರೂ ಒಪ್ಪಿದರು. ಮುಂದಿನ ಮಳೆಗಾಲದಿಂದ ಮಕ್ಕಳನ್ನು ಇರಿಸಿಕೊಳ್ಳುವುದೋ ಕಳಿಸುವುದೋ ಎಂಬುದನ್ನು ಆಯಾ ಶಾಲೆಯ ಮುಖ್ಯಸ್ಥರಿಗೇ ಬಿಟ್ಟೆವು.

ಆ ಹೊಸ ಮಳೆಗಾಲದಲ್ಲಿ, ಜೂನ್ ಕೊನೆಯ ಒಂದು ದಿನ ಮೋಡ ಕವಿದದ್ದು ಕಂಡು ಅಕ್ಕೋರಿಗೆ ಫೋನು ಮಾಡಿದೆ. ಎಂತ ಮಾಡ್ತೀರಿ ಎಂದು ಕೇಳಿದೆ.

“ಮಕ್ಕಳನ್ನ ಆಗ್ಲೇ ಮನೆ ಮುಟ್ಸಾತು ಸರ್,” ಎಂದರು. “ನಿಮಗೆ ಮಧ್ಯಾಹ್ನ ಹೇಳ್ವಾ ಅಂತ ಇದ್ದೆ.”