ತೋಟೆ ಕಟ್ಟಿದ ಚಳಿಗಾಲ

ಮೊನ್ನೆ ಹುಟ್ಟಿದ ನನ್ನ ಮೊಮ್ಮಗಳು ಇವತ್ತು ಆಸ್ಪತ್ರೆಯಿಂದ ಮನೆಗೆ ಬಂದಳು. ತಾಯಿ, ಮಗು ಇಬ್ಬರೂ ಸುಖವಾಗಿದ್ದಾರೆ. ಮಗ ಹರೀಶ ಅವಳನ್ನು ನನ್ನ ಮಡಿಲಿಗೆ ಕೊಟ್ಟ ಕೂಡಲೇ ನನ್ನ ಬೆರಳು ಹಿಡಿದುಕೊಂಡಳು, ಬಿಡಲೇ ಇಲ್ಲ. ಎಂಥ ಬಿಗಿ ಹಿಡಿತ ಅಂತೀರಿ. ನಗಬೇಕಾದವಳು ಅತ್ತುಬಿಟ್ಟೆ. ನನಗೆ ನನ್ನ ಅಮ್ಮನ ಕೈ ನೆನಪಾಯಿತು.

ನಾನು ಚಿಕ್ಕವಳಿದ್ದಾಗ ನಾವು ಗಲ್ಫಿನ ಮದೀನತ್ ಜಾಯೆದಿನಲ್ಲಿದ್ದೆವು. ಸುತ್ತ ಮರಳು. ಚಳಿಗಾಲದ ಬೆಳಿಗ್ಗೆ ಎಂಥ ಮಂಜು ಎಂದರೆ ಎದುರಿನ ಗೋಡೆಯೂ ಕಾಣದು. ಅಪ್ಪ ಒಬ್ಬ ಅರಬಿ ಯಜಮಾನರ ಕಾರು ಓಡಿಸುತ್ತಿದ್ದರು, ಅಮ್ಮ ಅದೇ ಮನೆಯ ಅಡುಗೆಗಿದ್ದಳು. ಕಾಂಪೌಂಡಿನ ಮೂಲೆಯ ಕೋಣೆ ನಮ್ಮದು. ಖರ್ಜೂರದ ಬೀಜಗಳಲ್ಲಿ ಕಲ್ಲಾಟ ಆಡಿಕೊಂಡು, ಚಹಾದಲ್ಲಿ ಖುಬ್ಬೂಸ್ ರೊಟ್ಟಿ ಅದ್ದಿ ತಿಂದುಕೊಂಡು ನಾನು ರಾಣಿಯ ಹಾಗಿದ್ದೆ.

ಯಜಮಾನರಿಗೆ ರಿವಾಲ್ವರುಗಳ ಹುಚ್ಚು. ನಿಜಕ್ಕೂ ಹಳೆಯವಲ್ಲ, ಹಳೆಯದರ ಹಾಗೆ ಹೊಸದಾಗಿ ಮಾಡಿದ ನಕಲುಗಳು. ಮದುವೆಗಳಲ್ಲಿ ಗುಂಡಿಲ್ಲದೆ, ಬರೀ ಸದ್ದಿಗೆ ಹೊಡೆಯಲಿಕ್ಕೆ. ಅದಕ್ಕೆ ಕಾಗದದ ತೋಟೆ ಬೇಕು. ಕಾಗದವನ್ನು ಸುರುಳಿ ಸುತ್ತಿ, ಅಂಚಿಗೆ ಅಂಟು ಹಚ್ಚಿ, ಒಳಗೆ ಕರಿಮದ್ದು ತುಂಬಿ ಬಾಯಿ ಮಡಚಬೇಕು. ಆ ಚಳಿಗಾಲ ಅವರ ಮಗಳ ಮದುವೆ. ತೋಟೆಯ ಕೆಲಸ ಅಪ್ಪನ ತಲೆಗೆ ಬಂತು. ಅಪ್ಪ ಸುತ್ತಿದ್ದೆಲ್ಲ ಬಿಚ್ಚಿಕೊಂಡಿತು.

ಅಮ್ಮ ನಕ್ಕಳು. "ಎಂತ ಮಾರಾಯ್ರೆ, ಮಗುವಿಗೆ ಲಂಗೋಟಿ ಕಟ್ಟುದಾ? ಇಲ್ಲಿ ಕೊಡಿ."

ಅಮ್ಮ ಉಡುಪಿ ಕಡೆಯವಳು, ಬೀಡಿ ಕಟ್ಟಿಯೇ ಬೆಳೆದವಳು. ಮೊರದ ಬದಲು ಸ್ಟೀಲ್ ತಟ್ಟೆ ಮಡಿಲಿನಲ್ಲಿಟ್ಟು, ಎಲೆಯ ಬದಲು ಕಾಗದ ಹಿಡಿದು ಕೂತಳು. ಬಾಯಿಯನ್ನು ಉಗುರಿನಲ್ಲಿ ಒತ್ತಿ ಮಡಚುವುದೂ ಬೀಡಿಯ ಹಾಗೇ. ಬೆರಳು ಓಡಿದ್ದು ಕಾಣುತ್ತಿರಲಿಲ್ಲ, ತೋಟೆ ಬಂದು ಬೀಳುವುದು ಮಾತ್ರ ಕಾಣುತ್ತಿತ್ತು.

"ಇದನ್ನು ಸೇದಲಿಕ್ಕೆ ಆಗ್ತದಾ ಅಮ್ಮಾ?" ಎಂದೆ.

"ಸೇದು. ಸೀದಾ ಮೇಲೆ ಹೋಗ್ತಿ. ಟಿಕೆಟೂ ಬೇಡ."

ಮದುವೆಯ ಹಿಂದಿನ ದಿನ ಮಂಜು ಕರಗಲೇ ಇಲ್ಲ. ಅಂಟು ಆರದೆ ತೋಟೆಗಳೆಲ್ಲ ಮೆತ್ತಗಾದವು. ಯಜಮಾನರ ಮಗ ಬಾಗಿಲಿಗೆ ಬಂದು ಬಂದು "ಯಲ್ಲಾ, ಯಲ್ಲಾ" ಎಂದು ಅವಸರ ಮಾಡುತ್ತಿದ್ದ. ನಮ್ಮ ಕಡೆ ಮಳೆಗಾಲದಲ್ಲಿ ಬೀಡಿಗೆ ತಂಡಿ ಹಿಡಿದರೆ ಒಲೆಯ ಬದಿಗಿಟ್ಟು ಬೆಚ್ಚಗೆ ಮಾಡುತ್ತಾರೆ. ಅಮ್ಮನ ಕೈಗೆ ಅದೇ ರೂಢಿ. ಕಾಫಿ ಕಾಸುವ ಇದ್ದಿಲೊಲೆಯ ಪಕ್ಕ ತಟ್ಟೆ ಇಟ್ಟಳು.

"ಬೆಂಕಿ ಉಂಟಲ್ಲ ಅದರಲ್ಲಿ?" ಎಂದರು ಅಪ್ಪ.

"ಬರೀ ಬೂದಿ ಅದು. ಬಿಸಿ ಮಾತ್ರ ಉಂಟು."

ಬೂದಿಯೊಳಗಿಂದ ಒಂದು ಕಿಡಿ ಚಟ್ಟನೆ ಸಿಡಿಯಿತು. ಅಮ್ಮ ತಟ್ಟೆಯನ್ನು ಎಳೆದುಕೊಳ್ಳಲು ಕೈ ಚಾಚಿದಳು. ಬಿಳಿ ಬೆಳಕು, ಕೊಳೆತ ಮೊಟ್ಟೆಯಂಥ ನಾತ. ನನಗೆ ಅಷ್ಟೇ ನೆನಪು.

ಅಮ್ಮನ ಬಲಗೈಯಲ್ಲಿ ಹೆಬ್ಬೆರಳು ಮಾತ್ರ ಉಳಿಯಿತು. ಅಪ್ಪ ಕೆಲಸಕ್ಕೆ ಅಲ್ಲೇ ಉಳಿದರು, ಅಮ್ಮನೂ ನಾನೂ ಊರಿನ ತುಂಬಿದ ಮನೆಗೆ ಬಂದೆವು. ಮನೆಗೆಲಸಕ್ಕೆ ನಾನೇ ಆದೆ, ನನ್ನ ಶಾಲೆ ಅಲ್ಲಿಗೆ ಖಲಾಸ್.

ಶಾಲೆ ಹೋದದ್ದಕ್ಕೆ ನನಗೆ ದುಃಖವಿಲ್ಲ. ಆಮೇಲೆ ಅಮ್ಮ ಒಂದು ದಿನವೂ ನಮ್ಮೊಟ್ಟಿಗೆ ಊಟಕ್ಕೆ ಕೂರಲಿಲ್ಲ. ಎಡಗೈಯಲ್ಲಿ ಉಣ್ಣುವುದನ್ನು ಯಾರೂ ನೋಡಬಾರದು ಎಂದು ಎಲ್ಲರೂ ಎದ್ದ ಮೇಲೆ ಅಡುಗೆಕೋಣೆಯಲ್ಲಿ, ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದಳು. ನಾನು ತುತ್ತು ಕಲಸಿ ಹಿಡಿದರೆ, "ನಾನೆಂತ ಸಣ್ಣ ಮಗುವಾ? ನೀನು ಉಣ್ಣು ಮಗಾ" ಅನ್ನುವಳು. ನನ್ನ ಮದುವೆಯ ದಿನವೂ ಬಾಗಿಲ ಹತ್ತಿರ ನಿಂತು, ಉಣ್ಣುವವರನ್ನು ನೋಡುತ್ತಿದ್ದಳು. ಹಾಗೆಯೇ ನಿಂತು ನಿಂತು ಒಂದು ದಿನ ಹೋಗಿಬಿಟ್ಟಳು.

ಇವತ್ತು ಸಂಜೆ ಅದೇ ಗಲ್ಫಿನಲ್ಲಿ, ಹರೀಶನ ಡಿಸ್ಕವರಿ ಗಾರ್ಡನ್ಸಿನ ಮನೆಯಲ್ಲಿ ಕೋರಿ ರೊಟ್ಟಿ, ಬಾಣಂತಿಗೆ ಬೇರೆ ಸಾರು. ಎಲ್ಲರೂ ಕೂತೆವು. ಸೊಸೆ ಕೋಣೆಯೊಳಗಿಂದ, "ಅತ್ತೆ, ನೀವೆಲ್ಲ ಮೊದಲು ಉಣ್ಣಿ. ನಾನು ಮತ್ತೆ ಇಲ್ಲೇ ಉಣ್ತೇನೆ" ಎಂದಳು.

"ಮತ್ತೆ ಗಿತ್ತೆ ಇಲ್ಲ. ಮಗುವನ್ನು ಎತ್ತಿಕೊಂಡು ಇಲ್ಲಿಗೇ ಬಾ."

ಗದರಿಸಿಯೇಬಿಟ್ಟೆ. ಹರೀಶ ತಲೆಯೆತ್ತಿ ನನ್ನನ್ನು ನೋಡಿದ. ನನ್ನ ಅಮ್ಮನನ್ನು ಹೀಗೆ ಗದರಿಸಿ ಕೂರಿಸುವವರು ಯಾರೂ ಇರಲಿಲ್ಲ.

ಸೊಸೆ ಬಂದು ನನ್ನ ಪಕ್ಕ ಕೂತಳು. ಎಲ್ಲರೂ ಒಟ್ಟಿಗೆ ಉಂಡೆವು.