ನಿಖತಳ ಕೈಗುಣ

ಹುಣಸೂರಿನ ಶಬ್ಬೀರ್ ನಗರದ ಒಂದು ಶೀಟಿನ ಮನೆಯಲ್ಲಿ ಕುಳಿತೇ ನಿಖತ್ ನಾಲ್ಕು ತಾಲ್ಲೂಕಿನ ಮದುವೆಗಳನ್ನು ನೋಡಿದ್ದಳು. ಯಾವ ಮದುವೆಗೂ ಹೋಗಿ ಉಂಡವಳಲ್ಲ, ಯಾವ ಮದುಮಗಳ ಹತ್ತಿರವೂ ನಿಂತವಳಲ್ಲ. ಆದರೂ ಸಂತೆಯಲ್ಲಿ ಬೀನ್ಸ್ ಆರಿಸುವಾಗ ಪಕ್ಕದಲ್ಲಿದ್ದವಳನ್ನು ಕಂಡು, ಇವಳು ಧಾರೆಯ ಹೊತ್ತಿನಲ್ಲಿ ಅಪ್ಪನ ಮುಖ ನೋಡಿ ಅತ್ತವಳಲ್ಲವೇ ಎಂದು ಥಟ್ಟನೆ ಗುರುತು ಹಿಡಿಯುತ್ತಿದ್ದಳು. ಆ ಹೆಂಗಸು ಇವಳತ್ತ ತಿರುಗಿಯೂ ನೋಡದೆ ಚೀಲ ತುಂಬಿಸಿಕೊಂಡು ಹೋಗುವಳು.

ಬಸ್ ಸ್ಟ್ಯಾಂಡ್ ಹತ್ತಿರ ಸ್ಟುಡಿಯೊ ಇಟ್ಟಿದ್ದ ಧರ್ಮೇಂದ್ರ ಮದುವೆ ಫೋಟೊಗಳನ್ನು ತೆಗೆದು ಹಾರ್ಡ್ ಡಿಸ್ಕಿನಲ್ಲಿ ತುಂಬಿ ಅವಳ ಮನೆಗೆ ತಲುಪಿಸುತ್ತಿದ್ದ. ಒಂದೊಂದು ಮದುವೆಗೆ ಮೂರು ನಾಲ್ಕು ಸಾವಿರ ಫೋಟೊ. ಚೆನ್ನಾಗಿರುವುದನ್ನು ಆರಿಸಿ, ಬಣ್ಣ ಸರಿಮಾಡಿ, ಮುಖ ತಿದ್ದಿ, ಆಲ್ಬಮ್ಮಿನ ಪುಟ ಜೋಡಿಸಿ ಕೊಡುವುದು ನಿಖತಳ ಪಾಲಿನ ಕೆಲಸ. ಹನ್ನೊಂದು ವರ್ಷದಿಂದ ಅದನ್ನೇ ಮಾಡಿಕೊಂಡು ತಾಯಿ ಜಾನ್ ಬೀಯನ್ನೂ ತನ್ನನ್ನೂ ಸಾಕಿಕೊಂಡಿದ್ದಳು.

ಈ ಕಸುಬಿಗೆ ಅವಳನ್ನು ಹಚ್ಚಿದ್ದು ಅಪ್ಪ ರಜಾಕ್. ಸಾಮಿಲ್ಲಿನಲ್ಲಿ ಬಡಗಿಯಾಗಿದ್ದ ಮನುಷ್ಯ. ಪಿರಿಯಾಪಟ್ಟಣಕ್ಕೆ ಕೊಟ್ಟಿದ್ದ ಮಗಳು ಎರಡೇ ವರ್ಷಕ್ಕೆ ಟ್ರಂಕು ಹಿಡಿದುಕೊಂಡು ವಾಪಸು ಬಂದಾಗ ಅವರು ಏನು ಎತ್ತ ಎಂದು ಒಂದು ಮಾತು ಕೇಳಲಿಲ್ಲ. ಮೂರನೇ ದಿನ ಕರೆದುಕೊಂಡು ಹೋಗಿ ಕಂಪ್ಯೂಟರ್ ಕ್ಲಾಸಿಗೆ ಸೇರಿಸಿದರು. ಆಮೇಲೆ ಮೈಸೂರಿನಿಂದ ಹಳೆಯ ಕಂಪ್ಯೂಟರೊಂದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಅದಕ್ಕೆ ಉಳಿಕೆ ತೇಗದ ಚೂರುಗಳಲ್ಲಿ ತಾವೇ ಮೇಜು ಮಾಡಿಕೊಟ್ಟರು. ಮಗಳು ದುಡಿಯುವುದನ್ನು ನಾಲ್ಕು ವರ್ಷ ನೋಡಿ ಹೋಗಿಬಿಟ್ಟರು.

ನಿಖತಳ ಕೈಗುಣ ಚೆನ್ನಾಗಿದೆ ಎಂದು ಧರ್ಮೇಂದ್ರನೇ ಎಲ್ಲರ ಮುಂದೆ ಹೇಳುತ್ತಿದ್ದ. ಅರಿಶಿನದ ಶಾಸ್ತ್ರದ ಫೋಟೊಗಳಲ್ಲಿ ಹಳದಿ ಹೊಡೆದು ಹುಡುಗಿಗೆ ಕಾಮಾಲೆ ಬಂದಂತೆ ಕಾಣುವುದುಂಟು. ನಿಖತ್ ಅರಿಶಿನವನ್ನು ಹಾಗೇ ಬಿಟ್ಟು ಚರ್ಮವನ್ನು ಮಾತ್ರ ಹೊಳೆಯುವಂತೆ ಮಾಡುತ್ತಿದ್ದಳು. ಆದರೆ ಪ್ರತಿ ಡಿಸ್ಕಿನ ಮೇಲೂ ಧರ್ಮೇಂದ್ರ ಒಂದು ಚೀಟಿ ಅಂಟಿಸಿರುತ್ತಿದ್ದ. 'ಹುಡುಗಿ ಇನ್ನೊಂಚೂರು ಬಿಳಿ.' 'ಕತ್ತಿನ ಮಚ್ಚೆ ತೆಗೀರಿ.' 'ಹುಡುಗನ ಮೊಡವೆ ಕ್ಲೀನ್.' ಅವಳು ಮಾಡಿಕೊಡುತ್ತಿದ್ದಳು. ಗಿರಾಕಿ ಕೇಳಿದ್ದನ್ನು ಕೊಡುವುದರಲ್ಲಿ ತಪ್ಪೇನಿದೆ? ಆ ಪ್ರಶ್ನೆಯೇ ಅವಳ ತಲೆಗೆ ಬಂದಿರಲಿಲ್ಲ.

ಕಳೆದ ಕಾರ್ತಿಕದಲ್ಲಿ ಒಂದು ಫೋನ್ ಬಂತು.

"ಅಕ್ಕ, ನಾನು ಬೆಟ್ಟದಪುರದ ಸೌಂದರ್ಯ ಅಂತ. ಸ್ಟುಡಿಯೊದಲ್ಲಿ ನಿಮ್ಮ ನಂಬರ್ ಕೊಟ್ರು. ನನ್ನ ಎಂಗೇಜ್‌ಮೆಂಟ್ ಫೋಟೊ ನಿಮ್ಮತ್ರ ಅವೆಯಂತೆ. ಎಡಗೆನ್ನೆ ಮೇಲೆ ಸುಟ್ಟ ಕಲೆ ಐತಲ್ಲ, ಅದನ್ನ ಅಳಿಸಬ್ಯಾಡಿ."

ನಿಖತ್‌ಗೆ ಆಶ್ಚರ್ಯವಾಯಿತು. "ಎಲ್ಲರೂ ಅಳಿಸಿ ಅಂತ ಹೇಳ್ತಾರಲ್ಲಮ್ಮ?"

"ಎಂಟು ವರ್ಸದವಳಿದ್ದಾಗ ಹೊಗೆಸೊಪ್ಪು ಒಣಗ್ಸೋ ಬ್ಯಾರನ್ ಮನೇಲಿ ಕಾದ ಕೊಳವೆ ಮೇಲೆ ಬಿದ್ದೆ ಕಣಕ್ಕ. ಅಲ್ಲಿಂದ ಈಚೆಗೆ ಕನ್ನಡೀಲಿ ನಾನು ನೋಡಿರೋದು ಇದೇ ಮುಖ. ನನ್ನ ಮದ್ವೆ ಆಗೋ ರಘು ಒಪ್ಪಿರೋದೂ ಇದನ್ನೇ. ಅಳಿಸ್‌ಬುಟ್ರೆ ಅವರ ಪಕ್ಕದಲ್ಲಿ ಬ್ಯಾರೆ ಯಾರೋ ನಿಂತಂಗಿರ್ತದೆ."

ನಿಖತ್ ಆ ಫೋಟೊಗಳ ಮೇಲೆ ಎರಡು ದಿನ ಹೆಚ್ಚಿಗೆ ಕೂತಳು. ಕಿವಿಯಿಂದ ದವಡೆಯವರೆಗೆ ಇಳಿದಿದ್ದ ಆ ಕಲೆಯ ಮೇಲೆ ಬಿದ್ದಿದ್ದ ಫ್ಲ್ಯಾಶಿನ ಹೊಳಪನ್ನಷ್ಟೇ ತಗ್ಗಿಸಿದಳು. ಮಿಕ್ಕಿದ್ದನ್ನು ಮುಟ್ಟಲಿಲ್ಲ. ಆಲ್ಬಮ್ ಕೈಸೇರಿದ ದಿನ ಸೌಂದರ್ಯ ಮತ್ತೆ ಫೋನ್ ಮಾಡಿ, "ಮದ್ವೇದೂ ನೀವೇ ಮಾಡ್ಬೇಕು ಕಣಕ್ಕ" ಅಂದಳು. ಹನ್ನೊಂದು ವರ್ಷದಲ್ಲಿ ಹಾಗೆ ಫೋನ್ ಮಾಡಿದವಳು ಅವಳೊಬ್ಬಳೇ.

ಸಂಕ್ರಾಂತಿ ಕಳೆದ ವಾರ ಧರ್ಮೇಂದ್ರ ಲ್ಯಾಪ್‌ಟಾಪ್ ಹಿಡಿದು ತಾನೇ ಮನೆಗೆ ಬಂದ.

"ನಿಖತಮ್ಮ, ಹೊಸ ಸಾಫ್ಟ್‌ವೇರ್ ಹಾಕ್ಸಿದೀನಿ. ಎಐ ಅಂತೆ. ನೀವು ಎಲ್ಲಾ ಒತ್ತಿ ನೋಡಿ. ಯಾವುದು ಕೆಲಸಕ್ಕೆ ಬತ್ತದೆ, ಯಾವುದು ಬರಕ್ಕಿಲ್ಲ ಅಂತ ನೀವೇ ಹೇಳ್ಬೇಕು. ನಂಗೆ ಇವೆಲ್ಲ ಎಲ್ಲಿ ತಿಳಿತದೆ?"

ತನ್ನ ಮಾತಿಗೆ ಬೆಲೆ ಕೊಟ್ಟು ಕೇಳಿದನಲ್ಲ ಎಂದು ಅವಳಿಗೆ ಖುಷಿಯಾಯಿತು. ಒಂದು ವಾರ ಬೇರೆ ಕೆಲಸ ಬದಿಗಿಟ್ಟು ಅದರ ಹಿಂದೆ ಬಿದ್ದಳು. ಕಣ್ಣು ಮುಚ್ಚಿಕೊಂಡಿದ್ದ ಬೀಗತಿಯ ಕಣ್ಣನ್ನು ಅದು ತೆರೆಸಿತು. ಮಂಟಪದ ಹಿಂದೆ ಪ್ಲಾಸ್ಟಿಕ್ ಕುರ್ಚಿ ಹೊತ್ತು ಹೋಗುತ್ತಿದ್ದವನನ್ನು ಕುರ್ಚಿ ಸಮೇತ ಇಲ್ಲವಾಗಿಸಿತು. ಅರ್ಧ ಗಂಟೆ ಹಿಡಿಯುತ್ತಿದ್ದ ಕೆಲಸಗಳು ಒಂದೇ ಉಸಿರಿಗೆ ಮುಗಿದವು. ಹುಚ್ಚಾಟಗಳೂ ಇದ್ದವು. ಫೋಟೊವನ್ನು ಅಗಲ ಮಾಡು ಎಂದರೆ ಸೋದರಮಾವನಿಗೆ ಮೂರನೇ ಕೈಯೊಂದನ್ನು ಬೆಳೆಸಿತು. ಬಾಸಿಂಗ ಅಂದರೇನೆಂದು ಅದಕ್ಕೆ ತಿಳಿಯದೆ, ಹಣೆಗೆ ಏನೋ ಅಂಟಿಕೊಂಡಿದೆ ಎಂದು ಕಿತ್ತು ಹಾಕಿತ್ತು. ಜಾನ್ ಬೀ ಕನ್ನಡಕ ಏರಿಸಿಕೊಂಡು ಮೂರು ಕೈಯವನನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಿಖತ್ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಇದನ್ನು ನಂಬಬಹುದು, ಇದನ್ನು ನಂಬಬಾರದು, ಇದನ್ನು ಹೀಗೆ ತಿದ್ದಬೇಕು.

ಅದನ್ನು ಓದಿ ಧರ್ಮೇಂದ್ರ ಇನ್ನೊಂದು ಕೆಲಸ ಹೇಳಿದ. ಆ ಸಾಫ್ಟ್‌ವೇರಿಗೆ ನಮ್ಮ ಹಳೇ ಫೋಟೊಗಳನ್ನು, ತಿದ್ದುವ ಮುಂಚಿನದು ಮತ್ತು ತಿದ್ದಿದ ಮೇಲಿನದು ಎರಡನ್ನೂ, ಐದು ಸಾವಿರದಷ್ಟು ಕೊಟ್ಟರೆ ಅದು ನಮ್ಮ ಕೈಗುಣವನ್ನು ಕಲಿತುಕೊಳ್ಳುತ್ತದಂತೆ.

"ನಿಮ್ಮ ಕೈ ಅದಕ್ಕೆ ಬರ್ಬೇಕು ನಿಖತಮ್ಮ. ಆಮೇಲೆ ನಿಮಗೂ ಹಗುರ."

ಅವಳು ತನ್ನ ಹಳೆಯ ಡಿಸ್ಕುಗಳನ್ನೆಲ್ಲ ಹರಡಿಕೊಂಡು ಕೂತಳು. ಸುಮ್ಮನೆ ಕೈಗೆ ಸಿಕ್ಕಿದ್ದನ್ನು ಕೊಡಲಿಲ್ಲ. ತನಗೇ ಹೆಮ್ಮೆ ಅನ್ನಿಸಿದ್ದನ್ನು ಹೆಕ್ಕಿ ಹೆಕ್ಕಿ ಕೊಟ್ಟಳು. ಸ್ಟುಡಿಯೊಗೆ ಹೋಗಿ ನಾಲ್ಕು ದಿನ ಕೂತು ಎಲ್ಲವನ್ನೂ ಏರಿಸಿದಳು. ಕಲಿತದ್ದಕ್ಕೊಂದು ಹೆಸರಿಡಿ ಎಂದು ಸಾಫ್ಟ್‌ವೇರ್ ಕೇಳಿತು. ಧರ್ಮೇಂದ್ರ ನಗುತ್ತಾ 'ನಿಖತ್' ಎಂದೇ ಬರೆದ. ಮರುದಿನ ಕೆ.ಆರ್. ನಗರದ ಒಂದು ಮದುವೆಯ ಮೂರು ಸಾವಿರ ಫೋಟೊ ಅದಕ್ಕೆ ಹಾಕಿದರು. ಟೀ ತರಿಸಿ ಕುಡಿದು ಲೋಟ ಕೆಳಗಿಡುವುದರೊಳಗೆ ಅಷ್ಟೂ ತಯಾರಾಗಿದ್ದವು. ನಿಖತ್ ಒಂದೊಂದಾಗಿ ನೋಡಿದಳು. ಅರಿಶಿನ ಅರಿಶಿನವಾಗಿಯೇ ಉಳಿದಿತ್ತು.

ಸಂಜೆ ಮನೆಗೆ ಬಂದು ತಾಯಿಗೆ, "ಅಮ್ಮಿ, ಥೇಟ್ ನಾನು ಮಾಡಿದ ಹಾಗೇ ಮಾಡುತ್ತೆ" ಅಂದಳು.

ಜಾನ್ ಬೀ ಅನ್ನದ ಗಂಜಿ ಬಸಿಯುತ್ತಿದ್ದವಳು ಕತ್ತೆತ್ತಿದಳು. "ಹಾಗಾದರೆ ನೀನು ಏನು ಮಾಡ್ತೀಯ?"

ಅಲ್ಲಿಂದ ಮುಂದೆ ಹದಿನೈದು ದಿನ ಡಿಸ್ಕು ಬರಲಿಲ್ಲ. ಫೋನ್ ಮಾಡಿದರೆ, "ಸ್ವಲ್ಪ ಡಲ್ಲು ನಿಖತಮ್ಮ" ಎಂಬ ಉತ್ತರ. ಆದರೆ ಅವನ ವಾಟ್ಸ್ಯಾಪ್ ಸ್ಟೇಟಸ್ಸಿನಲ್ಲಿ ದಿನಕ್ಕೊಂದು ಮದುವೆ ಬೀಳುತ್ತಿತ್ತು. ಎಚ್.ಡಿ. ಕೋಟೆ, ಸಾಲಿಗ್ರಾಮ, ಕಂಪಲಾಪುರ. ಫೆಬ್ರವರಿಯಲ್ಲಿ ಆಲ್ಬಮ್ ಪುಟ ಜೋಡಿಸುವ ಕೆಲಸ ಎರಡು ಬಂತು. ಮಾರ್ಚಿನಲ್ಲಿ ಅದೂ ಇಲ್ಲ. ಪಿರಿಯಾಪಟ್ಟಣದ ಕಲ್ಯಾಣ ಮಂಟಪದಲ್ಲಿ ಸೌಂದರ್ಯಳ ಮದುವೆ ಆದದ್ದೂ ಅವಳಿಗೆ ಗೊತ್ತಾದದ್ದು ಆ ಸ್ಟೇಟಸ್ಸಿನಿಂದಲೇ.

ಏಪ್ರಿಲ್ ನಡುವೆ ಒಂದು ಬೆಳಿಗ್ಗೆ ಬಾಗಿಲಲ್ಲಿ ಸೌಂದರ್ಯ ನಿಂತಿದ್ದಳು. ಕೈಯಲ್ಲಿ ದೊಡ್ಡ ಬಟ್ಟೆಯ ಚೀಲ. ಗಂಡನ ಊರು ಮಿರ್ಲೆಯಿಂದ ಕೆ.ಆರ್. ನಗರಕ್ಕೆ ಬಂದು, ಅಲ್ಲಿ ಬಸ್ ಬದಲಾಯಿಸಿ, ದಾರಿಯಲ್ಲಿ ಕೇಳಿಕೊಂಡು ಬಂದಿದ್ದಳು. ಆ ಮುಖವನ್ನು ನಿಖತ್ ಎಲ್ಲಿ ಕಂಡರೂ ಗುರುತಿಸುತ್ತಿದ್ದಳು.

"ಒಳಗೆ ಬಾಮ್ಮ."

ಅವಳು ಕೂರಲಿಲ್ಲ. ಚೀಲದಿಂದ ಆಲ್ಬಮ್ ತೆಗೆದು ಮೇಜಿನ ಮೇಲಿಟ್ಟು ತೆರೆದಳು. "ನಾನು ಏನು ಕೇಳ್ಕೊಂಡಿದ್ದೆ ನಿಮ್ಮನ್ನ?"

ನಿಖತ್ ನೋಡಿದಳು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ನುಣ್ಣನೆಯ ಬಿಳಿ ಕೆನ್ನೆಯ ಒಬ್ಬ ಹುಡುಗಿ ರಘುವಿನ ಪಕ್ಕದಲ್ಲಿ ನಿಂತಿದ್ದಳು, ಅವನಿಂದ ತಾಳಿ ಕಟ್ಟಿಸಿಕೊಳ್ಳುತ್ತಿದ್ದಳು, ನಗುತ್ತಿದ್ದಳು. ಕಲೆಯ ಒಂದು ಗೆರೆಯೂ ಇರಲಿಲ್ಲ.

"ಇದನ್ನ ನಾನು ಮಾಡಿಲ್ಲ," ಅಂದಳು.

"ಧರ್ಮೇಂದ್ರಣ್ಣ ನಿಮ್ಮೆಸ್ರೇ ಹೇಳಿದ್ರು. 'ನಮ್ಮ ನಿಖತಮ್ಮಂದೇ ಕೈಚಳಕ' ಅಂದ್ರು."

ನಿಖತ್ ಮತ್ತೆ ಪುಟಗಳತ್ತ ಬಗ್ಗಿದಳು. ಈ ಸಲ ನಿಧಾನವಾಗಿ ನೋಡಿದಳು. ಅರಿಶಿನದ ಪುಟದ ಬಣ್ಣ ಅವಳದ್ದು. ನೆರಳನ್ನು ಕತ್ತಿನ ಕಡೆಗೆ ಜಾರಿಸಿದ ರೀತಿ ಅವಳದ್ದು. ಕೆನ್ನೆಯನ್ನು ಸವರಿ ನುಣುಪು ಮಾಡಿದ್ದೂ ಅವಳು ಐದು ಸಾವಿರ ಸಲ ಮಾಡಿದ ಹಾಗೆಯೇ ಇತ್ತು. ಮಚ್ಚೆ, ಮೊಡವೆ, ಗಾಯದ ಗುರುತು, ಕಪ್ಪು, ಎಲ್ಲವನ್ನೂ ತೆಗೆಯಬೇಕೆಂದು ಅದಕ್ಕೆ ಹೇಳಿಕೊಟ್ಟವಳು ಬೇರೆ ಯಾರೂ ಅಲ್ಲ. ಬೇಡ ಎಂದ ಒಬ್ಬಳ ಮಾತು ಮಾತ್ರ ಅದಕ್ಕೆ ತಲುಪಿರಲಿಲ್ಲ.

"ಮೆಷಿನ್ ಮಾಡಿದ್ದಮ್ಮ," ಅಂದಳು. "ಆದರೆ ಅದಕ್ಕೆ ಕಲಿಸಿದವಳು ನಾನೇ."

ಸೌಂದರ್ಯ ಆಗ ಕೂತಳು. ಬೈಯುವುದಕ್ಕೇ ಬಂದವಳು ಬೈಯಲಿಲ್ಲ. "ನಮ್ಮತ್ತೆ ಮನೇಲಿ ಎಲ್ಲರಿಗೂ ಇದು ಬೋ ಇಷ್ಟ ಆಗ್ಬುಟ್ಟದೆ. ಬಂದೋರಿಗೆಲ್ಲ ತೆಗೆದು ತೋರಿಸ್ತಾರೆ. ಬಂದೋರು ಆಲ್ಬಮ್ ನೋಡ್ತಾರೆ, ಆಮೇಲೆ ತಲೆ ಎತ್ತಿ ನನ್ನ ನೋಡ್ತಾರೆ. ಮೊನ್ನೆ ರಘುನೂ ಅಂಗೇ ನೋಡಿದ್ರು. ಮೈಸೂರಲ್ಲಿ ಚರ್ಮದ ಡಾಕ್ಟ್ರವ್ರಂತೆ, ಒಂದ್ಸಲ ಹೋಗಿ ಬರಾಣ ಅಂದ್ರು."

ಒಲೆಯ ಮುಂದೆ ಜಾನ್ ಬೀ ಟೀ ಸೋಸುತ್ತಿದ್ದವಳು ಕೈ ನಿಲ್ಲಿಸಿದಳು. ಟೀ ಕುಡಿಯದೆಯೇ ಸೌಂದರ್ಯ ಹನ್ನೊಂದರ ಬಸ್ಸಿಗೆ ಎದ್ದು ಹೋದಳು.

ನಿಖತ್ ಆವತ್ತೇ ಸ್ಟುಡಿಯೊಗೆ ಹೋದಳು. ಮೂಲ ಫೋಟೊಗಳನ್ನು ಕೊಡಿ, ಎಲ್ಲವನ್ನೂ ಹೊಸದಾಗಿ ಮಾಡುತ್ತೇನೆ, ಕೂಲಿ ಬೇಡ ಎಂದಳು.

"ಎಲ್ಲಿ ಅವೆ ನಿಖತಮ್ಮ? ಆಲ್ಬಮ್ ಕೊಟ್ಟಮೇಕೆ ಡಿಸ್ಕ್ ಖಾಲಿ ಮಾಡ್ಬುಟ್ಟೆ. ಅಲ್ಲದೆ ಅವರತ್ತೆ ಮನೆಯೋರೇ ಒಪ್ಪವ್ರೆ, ಇನ್ನೆರಡು ಮದ್ವೆ ಕೊಡಿಸವ್ರೆ. ನಿಮಗ್ಯಾಕೆ ಸಂಕ್ಟ?"

"ಅದು ಕಲಿತಿರೋದನ್ನ ಅಳಿಸಿಬಿಡಿ ಅಣ್ಣ. ನನ್ನ ಕೆಲಸ ಅದು."

ಧರ್ಮೇಂದ್ರನ ಮುಖದಿಂದ ನಗು ಹೋಯಿತು. "ನಿಮ್ಮ ಕೆಲಸಕ್ಕೆ ಅವತ್ತವತ್ತೇ ದುಡ್ಡು ಕೊಟ್ಟಿದೀನಿ. ಈಗ ಅದು ಸ್ಟುಡಿಯೊದ್ದು."

"ಹಾಗಾದರೆ ನನ್ನ ಹೆಸರಾದರೂ ತೆಗೀರಿ."

ಅವನು ಅವಳ ಎದುರೇ ಮೌಸ್ ಹಿಡಿದು 'ನಿಖತ್' ಎಂಬುದನ್ನು ಅಳಿಸಿ ಸ್ಟುಡಿಯೊದ ಹೆಸರು ಬರೆದ. ಅರ್ಧ ನಿಮಿಷದ ಕೆಲಸ. ಆಮೇಲೆ, "ಟೀ ಕುಡೀತೀರಾ?" ಎಂದು ಕೇಳಿದ.

ಅವಳ ಬಳಿ ಎಂಗೇಜ್‌ಮೆಂಟಿನ ಫೋಟೊಗಳು ಉಳಿದಿದ್ದವು. ಸೌಂದರ್ಯಳ ವಾಟ್ಸ್ಯಾಪಿನಿಂದ ಮದುವೆಯ ಒಂದು ಫೋಟೊ ತರಿಸಿಕೊಂಡಳು. ಮೊದಲು ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಅದೇ ಬಗೆಯ ಸಾಫ್ಟ್‌ವೇರಿನಲ್ಲಿ ಕೆನ್ನೆಗೆ ಗುರುತು ಹಾಕಿ, ಸುಟ್ಟ ಕಲೆ ಬೇಕು ಎಂದು ಬರೆದಳು. ಅದು ಕೆಂಪಗೆ ಕೀವುಗಟ್ಟಿದಂಥ, ನೋಡಿದರೆ ಹೇಸಿಗೆಯಾಗುವಂಥ ಯಾರದೋ ಗಾಯವನ್ನು ತಂದು ಅಂಟಿಸಿತು. ಎಂಟು ಸಲ ಕೇಳಿದಳು, ಎಂಟು ಬೇರೆ ಬೇರೆ ಗಾಯ ಕೊಟ್ಟಿತು. ಕೊನೆಗೆ ಅದನ್ನು ಮುಚ್ಚಿ, ಎಂಗೇಜ್‌ಮೆಂಟ್ ಫೋಟೊ ಪಕ್ಕದಲ್ಲಿಟ್ಟುಕೊಂಡು, ಮೌಸಿನಲ್ಲಿ ಕೈಯಾರೆ ಆ ಕಲೆಯನ್ನು ಬರೆದಳು. ಹನ್ನೊಂದು ವರ್ಷ ಅಳಿಸಿ ರೂಢಿಯಾದ ಕೈಗೆ ಬರೆಯುವುದು ಒಗ್ಗಲಿಲ್ಲ. ಮೂರು ದಿನ ಹಿಡಿಯಿತು. ಮೈಸೂರಿನಲ್ಲಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ, ಮಿರ್ಲೆಗೆ ಕಳಿಸಿದಳು.

ಸೌಂದರ್ಯ ಫೋನ್ ಮಾಡಿದಳು. "ಇದು ನಾನೇ ಕಣಕ್ಕ." ಆಮೇಲೆ ದನಿ ತಗ್ಗಿಸಿದಳು. "ನಮ್ಮತ್ತೆ ಗ್ವಾಡೆಗೆ ಹಾಕಕ್ಕೆ ಬುಡಲಿಲ್ಲ. ಬೀರುವಿನಲ್ಲಿ ಸೀರೆ ಕೆಳಗೆ ಇಟ್ಟಿದೀನಿ. ಮುಂದಿನ್ವಾರ ಡಾಕ್ಟ್ರತ್ರ ಹೋಯ್ತಾ ಇದೀವಿ."

ಹೋಗಬೇಡ ಎನ್ನಲು ತನಗೆ ಹಕ್ಕೆಲ್ಲಿದೆ ಎಂದು ನಿಖತ್‌ಗೆ ಅನ್ನಿಸಿತು.

ಈಗ ಅವಳು ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಪಹಣಿ, ಜಾತಿ ಪ್ರಮಾಣಪತ್ರದ ಅರ್ಜಿ ತುಂಬುವ ಕೆಲಸಕ್ಕಿದ್ದಾಳೆ. ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತೇ ಇರಬೇಕು. ಕಂಪ್ಯೂಟರನ್ನು ಮಾರಿದಳು.

ಬಕ್ರೀದ್ ಕಳೆದ ಮೇಲೆ ಚಿಕ್ಕಪ್ಪನ ಮಗಳು ಇಕ್ರಾಳ ಮದುವೆ ಆಯಿತು. ಫೋಟೊಗೆ ಬಂದವರು ಧರ್ಮೇಂದ್ರನ ಹುಡುಗರೇ. ಹೆಂಗಸರ ಕಡೆ ಕ್ಯಾಮೆರಾ ತಿರುಗಿದಾಗ ನಿಖತ್ ದುಪಟ್ಟಾ ಎಳೆದುಕೊಂಡು ಅತ್ತ ಸರಿದಳು. ಆದರೂ ಒಂದು ಫೋಟೊದಲ್ಲಿ ಸಿಕ್ಕಿಬಿದ್ದಿದ್ದಳು. ತಿಂಗಳ ಮೇಲೆ ಆಲ್ಬಮ್ ಮನೆಮನೆ ಸುತ್ತಿ ಇವರ ಮನೆಗೂ ಬಂತು.

ಜಾನ್ ಬೀ ಕನ್ನಡಕ ಒರೆಸಿ ಹಾಕಿಕೊಂಡು ಪುಟ ತಿರುವುತ್ತಾ ಹೋದವಳು ಒಂದು ಕಡೆ ನಿಂತಳು. ಬೆರಳಿಟ್ಟು, "ಇವಳು ಯಾರು, ಹುಡುಗನ ಕಡೆಯವಳಾ?" ಎಂದು ಕೇಳಿದಳು.

ನಿಖತ್ ಬಗ್ಗಿ ನೋಡಿದಳು. ಕಣ್ಣ ಕೆಳಗಿನ ಕಪ್ಪಿಲ್ಲ, ಕಿವಿಯ ಹತ್ತಿರದ ನರೆಯಿಲ್ಲ, ಹಣೆಯ ಗೆರೆಯಿಲ್ಲ.

"ನಾನೇ ಅಮ್ಮಿ."

ತಾಯಿ ಆಲ್ಬಮ್ಮನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದಳು. "ಎಷ್ಟು ಚೆನ್ನಾಗಿ ಬಂದಿದ್ದೀಯ," ಎಂದಳು. "ಇದೊಂದನ್ನು ದೊಡ್ಡದು ಮಾಡಿಸಿಕೊಡು ಅಂತ ಧರ್ಮೇಂದ್ರನಿಗೆ ಹೇಳ್ತೀಯಾ?"