ಭಾವ ತೀರ್ಪು ಕೊಟ್ಟ ಕೆಂಪು ನಕ್ಷತ್ರ

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕಂತೆ. ಹಾಗೆಂದವರಿಗೆ ನನ್ನ ಭಾವನಂಥ ಭಾವ ಇದ್ದಿರಲಾರರು. ತುಂಬಿದ ಮನೆಯಲ್ಲಿ, ಊಟದ ಮೇಜಿನ ಮುಂದೆ, ನನ್ನ ಅಮ್ಮನ ಬಾಯಿ ಮುಚ್ಚಿಸಿದ ಮನುಷ್ಯ ಆತ. ಅದು ನನಗೆ ಇವತ್ತಿಗೂ ಜೀರ್ಣವಾಗಿಲ್ಲ.

ಭಾವ ಅಂದರೆ ಅಕ್ಕನ ಗಂಡ. ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವ ಕೆಲಸ. ಆತ ಹತ್ತಿದರೆ ಸಾಕು, ಇಡೀ ಬಸ್ಸೇ ಕಳ್ಳರ ಸಂತೆ. ಮದುವೆಯ ಫೋಟೋದಲ್ಲೂ ಅಕ್ಕನ ಕಡೆಗೆ "ಎಲ್ಲಿ, ಪಾಸು ತೆಗಿ" ಎಂಬಂತೆ ನೋಡುತ್ತಿದ್ದಾರೆ, ಮಹಾನುಭಾವರು.

ಇಂಥವರಿಗೆ ಹತ್ತಿದ ಹುಚ್ಚು ಸೋವಿಯತ್ ಸೈನ್ಯದ ಪದಕಗಳದು. ಆ ದೇಶ ಒಡೆದು ಚೂರಾದ ಮೇಲೆ ಅಲ್ಲಿನ ಶೌರ್ಯವೆಲ್ಲ ಚೀಲಗಟ್ಟಲೆ ಹಳೆ ಸಾಮಾನಿನ ಸಂತೆಗೆ ಬಂದು, ಕೆಟ್ಟ ಇಸ್ತ್ರಿಪೆಟ್ಟಿಗೆ, ಹಿಡಿ ಮುರಿದ ಬಾಣಲೆಗಳ ಪಕ್ಕ ಬಿದ್ದಿತ್ತು. ಕಂಡಕ್ಟರುಗಳ ಜೊತೆ ಬಿಟ್ಟರೆ ಯಾರೊಡನೆಯೂ ಯುದ್ಧ ಮಾಡದ ಭಾವ ಭಾನುವಾರ ಬೆಳಿಗ್ಗೆ ಭೂತಗನ್ನಡಿ, ಅಯಸ್ಕಾಂತ ಹಿಡಿದು ಅಲ್ಲಿಗೆ ದಂಡೆತ್ತಿ ಹೋಗುತ್ತಿದ್ದರು. ಮುಂದಿನ ಕೋಣೆಯಲ್ಲಿ ಎರಡು ಹಲಗೆ. ನೀಲಿ ಮಖಮಲ್ಲಿನದು ಅಸಲಿಗೆ, ಬರೀ ರಟ್ಟಿನದು ನಕಲಿಗೆ. ಎರಡನೆಯದಕ್ಕೆ ಅವರಿಟ್ಟ ಹೆಸರು ಕಳ್ಳರ ಹಲಗೆ. ಬಂದವರು ಮೊದಲು ಕಳ್ಳರ ದರ್ಶನ ಮಾಡಬೇಕು, ಚಹಾ ಆಮೇಲೆ.

"ಎರಕ ಹೊಯ್ದ ನಕಲಿ ಮೈಮೇಲೆ ಸಣ್ಣ ಗುಳ್ಳೆ ಇರುತ್ತೆ. ಅಚ್ಚು ಒತ್ತಿದ ಅಸಲಿಯಲ್ಲಿ ಇರಲ್ಲ. ಅಸಲಿ ಎನಾಮೆಲ್ ಗಾಜು ಕಣಯ್ಯಾ, ಒಳಗಿಂದ ಹೊಳೆಯುತ್ತೆ!" ಎಂದು ಪಾಠ ನಡೆಯುತ್ತಿತ್ತು. ಮಾತೇನೋ ನಿಜವೇ. ವಿದ್ಯೆಗೆ ದೋಷವಿರಲಿಲ್ಲ, ಪಾಪ, ಅದು ಸೇರಿಕೊಂಡ ತಲೆ ಅಂಥದ್ದು.

ಈಗ ಅಮ್ಮನ ನಕ್ಷತ್ರದ ವಿಷಯ. ನಾವು ಬಾಡಿಗೆಗಿದ್ದ ಕಟ್ಟಡದ ಮೇಲಿನ ಮಹಡಿಯಲ್ಲಿ ಆ ಸೈನ್ಯದಲ್ಲಿ ಹೋರಾಡಿ, ಆಮೇಲೆ ನಮ್ಮೂರಿಗೆ ಬಂದು ನೆಲೆಸಿದ ಮುದುಕರೊಬ್ಬರಿದ್ದರು. ಹಿಂದೆ ಮುಂದೆ ಯಾರೂ ಇಲ್ಲ. ಹಾಸಿಗೆ ಹಿಡಿದ ಮೇಲೆ ಅವರಿಗೆ ಊಟ ಹೊತ್ತದ್ದು, ಹೊದಿಕೆ ಒಗೆದದ್ದು ಅಮ್ಮ. ಕೊನೆಗಾಲದಲ್ಲಿ ಅವರು ಅಮ್ಮನ ಅಂಗೈಯಲ್ಲಿ ಕೆಂಪು ನಕ್ಷತ್ರದ ಪದಕ ಇಟ್ಟು, "ಗುಂಡಿನ ಮಳೆಯಲ್ಲಿ ನದಿ ದಾಟಿದ್ದಕ್ಕೆ ಕೊಟ್ಟದ್ದಮ್ಮ" ಅಂದರಂತೆ. ಅಮ್ಮ ಅದನ್ನು ಸೀರೆಗಳ ನಡುವೆ ಇಟ್ಟುಕೊಂಡಿದ್ದಳು. ಸ್ವಂತ ಅಣ್ಣನ ಮಾತನ್ನೂ ಅವಳು ಅಷ್ಟು ನಂಬಿದವಳಲ್ಲ.

ಅಕ್ಕನ ಮಗಳ ಹುಟ್ಟುಹಬ್ಬದ ದಿನ ಅಳಿಯಂದಿರಿಗೆ ಖುಷಿಯಾಗಲಿ ಎಂದು ಅದನ್ನು ತಾನಾಗಿಯೇ ತಂದು ತೋರಿಸಿದಳು. ಭಾವ ತಿರುಗಿಸಿ ನೋಡಿದರು.

"ಹಿಂದೆ ಸ್ಕ್ರೂ ಎಲ್ಲಿ, ನಟ್ಟು ಎಲ್ಲಿ? ಇದಕ್ಯಾವುದೋ ಪಿನ್ನು ಬೆಸೆದಿದ್ದಾರೆ!"

"ನಟ್ಟು ಕಳೆದುಹೋಯ್ತಂತೆ. ಆಮೇಲೆ ಅವರೇ ಪಿನ್ನು ಹಾಕಿಸಿಕೊಂಡ್ರಂತೆ," ಅಂದಳು ಅಮ್ಮ.

"ಎಲ್ಲರೂ ಹಂಗೇ ಅನ್ನೋದು ಅತ್ತೆ, ಪಾಸು ಮನೇಲಿ ಮರೆತು ಬಂದೆ ಅಂತ."

ನೆಂಟರೆಲ್ಲ ಗೊಳ್ಳೆಂದರು. ಭಾವನಿಗೆ ಹುರುಪು ಬಂತು. ಅಕ್ಕನಿಂದ ಉಗುರುಬಣ್ಣ ಅಳಿಸುವ ದ್ರಾವಣ ತರಿಸಿ, ಹತ್ತಿ ಅದ್ದಿ, ನಕ್ಷತ್ರದ ಒಂದು ತುದಿ ಉಜ್ಜಿದರು. ಹತ್ತಿ ಕೆಂಪಾಯಿತು.

"ನೋಡಿ! ಗಾಜು ಹಿಂಗೆ ಬಿಡುತ್ತಾ? ಬರೀ ಬಣ್ಣ! ಅಪ್ಪಟ ನಕಲಿ. ಮುದುಕಪ್ಪ ನಿಮಗೆ ಚೆನ್ನಾಗಿ ಟೋಪಿ ಹಾಕಿದ್ದಾನೆ."

"ಆ ತುದಿ ಚಕ್ಕೆ ಎದ್ದಿತ್ತಪ್ಪ. ನಾನೇ ಇವಳ ಉಗುರುಬಣ್ಣ ತಗೊಂಡು..."

"ಅತ್ತೆ, ನೀವು ಸುಮ್ನಿರಿ. ನಿಮಗೆ ಇದೆಲ್ಲ ಗೊತ್ತಾಗಲ್ಲ."

ಉಳಿದ ನಾಲ್ಕು ತುದಿಗಳ ಕಡೆ ಆ ಹತ್ತಿ ಹೋಗಲೇ ಇಲ್ಲ. ನಾನು ಎದ್ದ ರಭಸಕ್ಕೆ ಕುರ್ಚಿ ಉರುಳಿತು. "ಇವತ್ತು ಬೇಡ ಕಣೋ, ಮಗು ಹೆದರುತ್ತೆ," ಎಂದು ಅಕ್ಕ ತೋಳು ಹಿಡಿದಳು. ನಕ್ಷತ್ರ ಕಳ್ಳರ ಹಲಗೆ ಸೇರಿತು. ಅಮ್ಮ ಬೇಡವೆನ್ನಲಿಲ್ಲ. ಮನೆಗೆ ಬಂದು ಒಣಗಿದ ಬಟ್ಟೆ ಮಡಚುತ್ತಾ ಕೇಳಿದಳು: "ಸಾಯೋ ಹೊತ್ತಲ್ಲಿ ನನ್ನ ಹತ್ರ ಸುಳ್ಳು ಹೇಳಿ ಅವರಿಗೇನು ಬರೋದಿತ್ತೋ?"

ಮುಂದೊಂದು ದಿನ ನಲ್ಲಿ ಸೋರುತ್ತದೆಂದು ಅಕ್ಕನ ಮನೆಗೆ ಹೋದೆ. ನೋಡಿದರೆ ನಕ್ಷತ್ರ ನೀಲಿ ಮಖಮಲ್ಲಿನ ನಟ್ಟನಡುವೆ ಕೂತಿದೆ! ಅಕ್ಕ ದನಿ ತಗ್ಗಿಸಿ ಹೇಳಿದಳು. ಪದಕ ಕೂಡಿಸುವ ಹಲ್ಲಿನ ಡಾಕ್ಟರೊಬ್ಬರು ಬಂದಿದ್ದರಂತೆ. ಪಿನ್ನಿನ ಕೆಳಗೆ ಕತ್ತರಿಸಿದ ಸ್ಕ್ರೂವಿನ ಬುಡ ತೋರಿಸಿ, ಹಿಂಬದಿಯ ನಂಬರು ಕೈಯಲ್ಲಿ ಕೆತ್ತಿದ್ದು, ನಾಲ್ಕು ತುದಿಯ ಎನಾಮೆಲ್ಲು ಶುದ್ಧ ಅಂದರಂತೆ. ಹೋಗುವಾಗ, "ಏನ್ ಸ್ವಾಮಿ, ಒಂದು ಹುಳುಕು ಹಲ್ಲಿಗೆ ಇಡೀ ದವಡೆ ಕಿತ್ತಿದ್ದೀರಲ್ಲ!" ಎಂದು ನಕ್ಕರಂತೆ.

ಭಾವ ಬಚ್ಚಲಿಂದ ಬರುವುದನ್ನೇ ಕಾದು ಕೇಳಿದೆ. "ಅಮ್ಮನಿಗೆ ಹೇಳಿದ್ರಾ?"

"ಹೇಳೋಕೇನಿದೆ? ತೀರ್ಪು ಪರಿಷ್ಕರಣೆ ಆಗಿದೆ."

"ತಪ್ಪಾಯ್ತು ಅನ್ನೋಕೆ ಅಷ್ಟುದ್ದದ ಪದ ಯಾಕೆ ಭಾವ?"

"ಲೋ, ತಿಳಿದವರು ತಪ್ಪು ಮಾಡಲ್ಲ. ಹೊಸ ಮಾಹಿತಿ ಬರುತ್ತೆ, ಅಷ್ಟೆ."

ನಕ್ಷತ್ರ ಕಿತ್ತುಕೊಂಡೆ. ಮಖಮಲ್ಲು ಹರಿಯಿತು. ಹರಿದದ್ದು ಅದೊಂದೇ ಎಂಬುದು ಭಾವನ ಪುಣ್ಯ.

ಅಮ್ಮನ ಕೈಗಿಟ್ಟು ಎಲ್ಲ ಹೇಳಿದೆ. ಮುಖ ಅರಳೀತೆಂದು ಕಾದೆ. "ನೀನು ಹೇಳಿದ್ರೆ ಆಯ್ತೇನೋ? ನಾಲ್ಕು ಜನರ ಮುಂದೆ ಆ ಹಿರಿಯರನ್ನ ಸುಳ್ಳುಗಾರ ಅಂದಿದ್ದು ಅಳಿಯಂದ್ರು. ಅವರ ಬಾಯಿಂದಲೇ ಬರಲಿ."

ಅಳಿಯಂದಿರು ಆಮೇಲೂ ಎಷ್ಟೋ ವರ್ಷ ಬಂದರು. ಹಣ್ಣು ತಂದರು, ಮಂಡಿನೋವಿಗೆ ಎಣ್ಣೆ ತಂದರು, ಬೆಳ್ಳಿಯ ಬೆಲೆ ಏರಿದ್ದನ್ನು ವಿವರಿಸಿದರು. ಅಮ್ಮ ಚಹಾ ಕೊಟ್ಟು ಎದುರಿಗೇ ಕೂರುತ್ತಿದ್ದಳು. ಆತ ಗಂಟಲು ಸರಿಮಾಡಿಕೊಂಡಾಗೆಲ್ಲ ಇವಳು ನೆಟ್ಟಗಾಗುತ್ತಿದ್ದಳು. "ಈ ಸಲ ಸೆಕೆ ಜಾಸ್ತಿ ಅತ್ತೆ," ಎಂದು ಆತ ಲೋಟ ಎತ್ತುತ್ತಿದ್ದರು.

ಹೋದ ವರ್ಷ ಭಾವನ ಎದೆಬಡಿತ ನಿಂತಿತು. ಬಂದವರೆಲ್ಲ ಹಲಗೆಗಳ ಮುಂದೆ ನಿಂತು, ಎಂಥ ಪರೀಕ್ಷಕರು, ಅವರ ಕಣ್ಣು ತಪ್ಪಿಸೋಕೆ ಆಗ್ತಿತ್ತೇ ಎಂದು ಲೊಚಗುಟ್ಟಿದರು. ನಾನು ಹಲ್ಲು ಕಚ್ಚಿಕೊಂಡು ಅಡುಗೆಮನೆಗೆ ಹೋದೆ. ಅಲ್ಲಿ ಅಮ್ಮ ಅಕ್ಕನ ತಲೆ ಸವರುತ್ತಾ ಕೂತಿದ್ದಳು.

"ಕೊನೇಲಿ ಅಳಿಯಂದ್ರು ಏನಾದ್ರೂ ಹೇಳಿದ್ರೇನೇ?"

ಅಕ್ಕ ಕಣ್ಣೊರೆಸಿಕೊಂಡಳು.

"ನೀರು ಕೇಳಿದ್ರಮ್ಮ."